ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ

ಮೈಸೂರಿನಿಂದ ದಕ್ಷಿಣ ಕೊಡಗಿಗೆ ಹೋಗುವವರಿಗೆ ಹುಣಸೂರನ್ನು ದಾಟಿದ ತರುವಾಯ ಹೊಗೆಸೊಪ್ಪಿನ ಹೊಲಗಳು ಕೆಲವು ಮೈಲಿಗಳವರೆಗೆ ಜತೆಗೊಡುತ್ತವೆ. ಅನಂತರ ನಾಗರಹೊಳೆಯ ಕಾಡು ಮಾರ್ಗದ ಎರಡು ಪಾರ್ಶ್ವಗಳಲ್ಲಿಯೂ ಎದ್ದು ನಿಲ್ಲುತ್ತದೆ. ಮತ್ತಿಗೋಡಿನಲ್ಲಿ ಸರಕಾರದ ಸಾಕಾನೆಗಳ ಬಿಡಾರವಿರುವುದರಿಂದ ಅಲ್ಲಿಗೆ ಬಂದೊಡನೆ ಬಸ್ಸಿನಲ್ಲಿದ್ದ ಮಕ್ಕಳೆಲ್ಲರೂ ಒಂದೇ ಪಕ್ಕದ ಕಿಟಕಿಗಳಿಗೆ ಮುತ್ತಿಕೊಂಡರು. ಹಿರಿಯರಾದ ನಾವೂ ಕತ್ತು ಚಾಚಿದೆವೆಂಬುದನ್ನು ಮರೆಮಾಚಬೇಕಾದ್ದಿಲ್ಲ. ತಿತಿಮತಿಯನ್ನು ಕಳೆದ ಮೇಲೆ ಕಾಡು ಮುಗಿದು ಕಾಫಿಯ ತೋಟಗಳು ಮೊದಲಾಗುತ್ತವೆಂದು ನಕ್ಷೆಯು ಹೇಳುತ್ತದೆ. ಕಣ್ಣಿಗಾದರೋ ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ತೊಡಗಿತು ಎಂಬುದು ತಿಳಿಯುವುದಿಲ್ಲ. ಮೇಲೆ ಅದೇ ನಂದಿ, ಬೀಟೆ, ಹೊನ್ನೆಯ ಮರಗಳು. ಕೆಳಗೆ ಮಾತ್ರ ಕಾಫಿಯ ಗಿಡ. ಕಾಡಿಗೂ ಮನೆಗೂ ನಡುವೆ ಹೀಗೆ ಗೋಡೆಯಿಲ್ಲದಿರುವ ಈ ನಾಡಿನಲ್ಲಿ ಕಾಡನ್ನೇ ಪಠ್ಯವನ್ನಾಗಿ ಮಾಡಿಕೊಂಡ ಒಂದು ಮಹಾವಿದ್ಯಾಲಯವು ಗೋಣಿಕೊಪ್ಪಲಿಗೆ ಸಮೀಪದ ಪೊನ್ನಂಪೇಟೆಯಲ್ಲಿದೆ. ಅದನ್ನು ನೋಡುವುದಕ್ಕಾಗಿಯೇ ನಾವು ಜ್ಯೇಷ್ಠಮಾಸದ ಆರಂಭದಲ್ಲಿ, ಮಳೆಯು ಇನ್ನೂ ಹಿಡಿಯದ ದಿನಗಳಲ್ಲಿ, ಅಲ್ಲಿಗೆ ಹೋದೆವು.

ಹೋಗುವುದಕ್ಕೆ ಕಾರಣವೊಂದುಂಟು. ನಮ್ಮ ಬಾಲ್ಯಸ್ನೇಹಿತರೊಬ್ಬರ ಮೊಮ್ಮಗಳು ದ್ವಿತೀಯ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಸಿ.ಇ.ಟಿ.ಯನ್ನೂ ಬರೆದು, ಎಲ್ಲರೂ ನಿರೀಕ್ಷಿಸಿದ್ದ ಎಂಜಿನಿಯರಿಂಗನ್ನು ಬಿಟ್ಟು ಅರಣ್ಯಶಾಸ್ತ್ರವನ್ನು ಓದುತ್ತೇನೆಂದು ಹಠ ಹಿಡಿದಳು. ಮನೆಯಲ್ಲಿ ದೊಡ್ಡ ಗಲಭೆಯಾಯಿತು. "ಹೆಣ್ಣುಮಗುವನ್ನು ಆನೆಯ ಬಾಯಿಗೆ ಕಳುಹಿಸಲೆ?" ಎಂದು ಅಜ್ಜಿಯು ಊಟ ಬಿಟ್ಟರು. "ಓದಿದ ಮೇಲೆ ಏನು ಕೆಲಸ?" ಎಂದು ತಂದೆ. ಕಡೆಗೆ ಸ್ನೇಹಿತರು, "ಮೇಷ್ಟ್ರೇ, ನೀವು ಮೂವತ್ತು ವರ್ಷ ಮಕ್ಕಳನ್ನು ನೋಡಿದವರು. ಒಮ್ಮೆ ಹೋಗಿ ಬನ್ನಿ. ನೀವು ಹೇಳಿದ್ದನ್ನು ಮನೆಯಲ್ಲಿ ಕೇಳುತ್ತಾರೆ," ಎಂದರು. ಆ ಭಾರವನ್ನು ಹೊತ್ತು ಹೊರಟೆವು.

ಕೊಡಗಿನ ಮಕ್ಕಳಿಗೆ ವಿದ್ಯೆಗಾಗಿ ಊರು ಬಿಡುವುದು ಹೊಸದಲ್ಲ. ೧೯೪೯ರಲ್ಲಿ ಮಡಿಕೇರಿಯಲ್ಲಿ ಸರಕಾರಿ ಕಾಲೇಜು ಆರಂಭವಾಗುವವರೆಗೆ ಪದವಿಯ ಓದಿಗೆ ಮಂಗಳೂರು, ಮೈಸೂರು, ಮದರಾಸುಗಳಿಗೆ ಹೋಗುವುದು ಅನಿವಾರ್ಯವಾಗಿದ್ದಿತು. ಆ ಕಾಲೇಜಿಗೆ ಈಗ ಯಾರ ಹೆಸರಿದೆಯೋ ಆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲನ್ನು ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದವರೇ. ೧೯೫೬ರ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದ ಬಳಿಕ ಶಾಲೆಗಳೂ ಕಾಲೇಜುಗಳೂ ಹೆಚ್ಚಿದುವು. ೨೦೨೩ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವೆಂಬುದೇ ಸ್ಥಾಪಿತವಾಯಿತು. ಎರಡು ವರ್ಷ ತುಂಬುವುದರೊಳಗೆ, ೨೦೨೫ರಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಅನೇಕವನ್ನು ಮುಚ್ಚಬೇಕೆಂಬ ಆಲೋಚನೆಯು ಸರಕಾರದಲ್ಲಿ ಹುಟ್ಟಿ, ಈ ಜಿಲ್ಲೆಯ ಜನರು ಬಹಳ ನೊಂದುಕೊಂಡರು. ಕೂಸು ಅಂಬೆಗಾಲಿಡುವ ಮೊದಲೇ ತೊಟ್ಟಿಲ ಖರ್ಚನ್ನು ಎಣಿಸುವುದು ನಮಗೂ ಸರಿದೋರುವುದಿಲ್ಲ. ಆದರೆ ಆ ವಿಷಯ ಬೇರೆ.

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವು ಹುಟ್ಟಿದ್ದು ೧೯೯೫ರಲ್ಲಿ. ಕರ್ನಾಟಕದಲ್ಲಿ ಇದಕ್ಕೆ ಅಕ್ಕನೆಂದರೆ ಸಿರ್ಸಿಯ ಅರಣ್ಯ ಮಹಾವಿದ್ಯಾಲಯ. ಅದು ಹತ್ತು ವರ್ಷ ಹಿರಿಯದು. ಪೊನ್ನಂಪೇಟೆಯದು ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದು, ಶಿವಮೊಗ್ಗೆಯಲ್ಲಿ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯವು ಆದ ಬಳಿಕ ಅದಕ್ಕೆ ಸೇರಿತು. ಪದವಿಯ ವ್ಯಾಸಂಗ ನಾಲ್ಕು ವರ್ಷ. ಅದರ ಮೇಲೆ ಎಂ.ಎಸ್ಸಿ.ಯೂ ಉಂಟು. ಮರಗಳ ಗುರುತು, ಮಣ್ಣು, ನೀರು, ಬೀಜ, ಸಸಿ, ಮರದ ಅಳತೆ, ಕಾಡುಪ್ರಾಣಿ, ಕಾಡಿನ ಕಾನೂನು, ಕಾಡಂಚಿನ ಜನರ ಜೀವನ ಇವೆಲ್ಲವೂ ಪಾಠದಲ್ಲಿ ಸೇರಿವೆ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಪುಸ್ತಕವನ್ನು ಮಡಿಸಿಟ್ಟು ಹಳ್ಳಿಗಳಲ್ಲಿಯೂ ಅರಣ್ಯ ಇಲಾಖೆಯವರ ಜತೆಯಲ್ಲಿಯೂ ಇದ್ದು ಕೆಲಸ ಕಲಿಯಬೇಕು. ನಮ್ಮ ಕಾಲದ ಉಪಾಧ್ಯಾಯರ ಟ್ರೈನಿಂಗಿನಲ್ಲಿಯೂ ಹೀಗೊಂದು ಮಾದರಿ ಪಾಠವಿದ್ದಿತು. ಆದರೆ ಆ ತರಗತಿಯಲ್ಲಿ ಆನೆ ಬರುತ್ತಿರಲಿಲ್ಲ.

ನಮ್ಮನ್ನು ಸುತ್ತಾಡಿಸಿದ ಅಧ್ಯಾಪಕರು ವಿನಯಶೀಲರು. ವಿದ್ಯಾರ್ಥಿನಿಯರೊಡನೆ ಮಾತನಾಡಬೇಕೆಂದೆವು; ಐದಾರು ಮಂದಿಯನ್ನು ಕರೆಸಿದರು. ಇಬ್ಬರು ಕೊಡಗಿನವರು, ಮಿಕ್ಕವರು ಬೀದರ, ಕೊಪ್ಪಳ, ಹಾಸನ ಮುಂತಾದ ಕಡೆಯವರು. ಬೀದರದ ಹುಡುಗಿಯು ನಗುತ್ತ, "ಸರ್, ಮೊದಲ ಮಳೆಗಾಲದಲ್ಲಿ ಒಗೆದ ಬಟ್ಟೆ ಎಂಟು ದಿನವಾದರೂ ಒಣಗದ್ದನ್ನು ಕಂಡು ನಾನು ಅತ್ತೇಬಿಟ್ಟೆ. ಜಿಗಣೆ ಕಚ್ಚಿದಾಗ ಊರಿಗೆ ಫೋನು ಮಾಡಿ ನಾಳೆಯೇ ಬರುತ್ತೇನೆಂದೆ. ಈಗ ಊರಿಗೆ ಹೋದರೆ ಸೆಕೆ ತಡೆಯಲಾರೆ," ಎಂದಳು. ಆನೆಯ ಭಯವೇನೆಂದು ಕೇಳಿದ್ದಕ್ಕೆ ಕೊಡಗಿನ ಹುಡುಗಿಯು, "ಆನೆ ಕಾಲೇಜಿಗಿಂತ ನಮ್ಮ ಮನೆಯ ತೋಟಕ್ಕೇ ಹೆಚ್ಚು ಬರುತ್ತದೆ, ಸರ್. ಹಲಸು ಹಣ್ಣಾದರೆ ಸಾಕು," ಎಂದಳು. ತಿತಿಮತಿ, ಬಾಳೆಲೆ, ಮಾಯಮುಡಿಗಳ ಕಡೆ ಈಗ ಕಾಫಿಯ ಕೆಲಸಕ್ಕೆ ಹೋಗುವ ಕೂಲಿಯವರು ಬೆಳಗಿನಲ್ಲಿ ಆನೆಯ ಸುದ್ದಿ ಕೇಳಿಕೊಂಡೇ ಹೊರಡುವುದು. ಒಬ್ಬರೇ ಕಾಡಿಗೆ ಹೋಗಬಾರದೆಂಬುದೂ ಹೊತ್ತು ಮುಳುಗುವ ಮೊದಲು ಮರಳಬೇಕೆಂಬುದೂ ತಮಗೆ ಕಲಿಸಿದ ಮೊದಲ ಪಾಠವೆಂದು ಹುಡುಗಿಯರು ಹೇಳಿದರು. ಅಜ್ಜಿಯವರಿಗೆ ತಿಳಿಸತಕ್ಕ ಸಂಗತಿಯೆಂದು ಇದನ್ನು ಗುರುತು ಹಾಕಿಕೊಂಡೆವು.

ಒಣಗಿಸಿದ ಎಲೆ ಹೂಗಳನ್ನು ಹಾಳೆಗಳಿಗೆ ಅಂಟಿಸಿ ಹೆಸರು ಬರೆದಿಟ್ಟಿರುವ ಸಂಗ್ರಹವನ್ನು ನೋಡಿದಾಗ ನಮ್ಮ ಹಳೆಯ ವೃತ್ತಿ ತಲೆಯೆತ್ತಿತು. ಅಮರಕೋಶದ ದ್ವಿತೀಯ ಕಾಂಡದಲ್ಲಿ ವನೌಷಧಿವರ್ಗವೆಂದಿದೆ. ಸಂಸ್ಕೃತ ಪಾಠಶಾಲೆಯ ಹುಡುಗರು ಶತಮಾನಗಳಿಂದ ಅದನ್ನು ಕಂಠಪಾಠ ಮಾಡಿದ್ದಾರೆ; ನಾಗಕೇಸರಕ್ಕೆ ಇರುವ ಪರ್ಯಾಯಪದಗಳನ್ನು ಉಸಿರು ಬಿಡದೆ ಒಪ್ಪಿಸಿ, ಹೊರಗೆ ಬಂದು ಅದೇ ಮರದ ಕೆಳಗೆ ನಿಂತು "ಇದು ಯಾವ ಮರ?" ಎನ್ನುತ್ತಾರೆ. ಶಬ್ದವುಂಟು, ಅರ್ಥವಿಲ್ಲ. ಇಲ್ಲಿಯ ಹುಡುಗಿಯೊಬ್ಬಳು ನಾಗಸಂಪಿಗೆಯ ಹಾಳೆಯನ್ನು ತೆಗೆದು ತೋರಿಸಿ ಲ್ಯಾಟಿನಿನ ಹೆಸರನ್ನು ಹೇಳಿದಳು. "ಇದೇ ನಾಗಕೇಸರ," ಎಂದೆವು. ಅವಳಿಗೆ ಆನಂದವಾಯಿತು. ಹೊನ್ನೆಗೆ ಅಸನವೆಂದೂ ರೆಂಜೆಗೆ ಬಕುಲವೆಂದೂ ಹೇಳುತ್ತ ಹೋದೆವು. ಅವಳು ಬರೆದುಕೊಳ್ಳುತ್ತ ಹೋದಳು. ಅಧ್ಯಾಪಕರು ಕೆಮ್ಮಿ ಸೂಚಿಸಿದ ಮೇಲೆ ನಿಲ್ಲಿಸಿದೆವು.

ಸಸ್ಯಕ್ಷೇತ್ರದಲ್ಲಿ, ಎಂದರೆ ನರ್ಸರಿಯಲ್ಲಿ, ನಾವು ಕಲಿತದ್ದೇ ಈ ಪ್ರಯಾಣದ ಮುಖ್ಯ ಲಾಭ. ಧಾನ್ಯದ ಬೀಜವನ್ನು ಒಣಗಿಸಿ ಕಣಜದಲ್ಲಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆಂಬುದು ನಮ್ಮ ಗೃಹಿಣಿಯರೆಲ್ಲರಿಗೂ ಗೊತ್ತು. ಎಲ್ಲ ಬೀಜವೂ ಹಾಗೆಯೇ ಎಂದು ನಾವು ತಿಳಿಯುತ್ತೇವೆ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣದ ಕಾಡಿನ ಅನೇಕ ಮರಗಳ ಬೀಜಗಳ ಸ್ವಭಾವವು ಇದಕ್ಕೆ ವಿರುದ್ಧವಾದದ್ದು. ಸಾಲುಧೂಪದ ಬೀಜವು ಕೋಳಿಮೊಟ್ಟೆಯಂತೆ ದಪ್ಪನಾಗಿ, ತೇವದಿಂದ ತುಂಬಿ, ಮಳೆಗಾಲದ ಹೊತ್ತಿಗೆ ಉದುರುತ್ತದೆ. ಬಿದ್ದ ಕೆಲವು ದಿನಗಳಲ್ಲಿ ಮೊಳೆಯಬೇಕು, ಒಣಗಿಸಿದರೆ ಸತ್ತುಹೋಗುತ್ತದೆ. ರಾಮಪತ್ರೆಯದೂ ಹಾಗೆಯೇ. ಅದರ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆಹಕ್ಕಿಯು ಬೀಜವನ್ನು ನುಂಗಿ ದೂರದಲ್ಲಿ ಉಗುಳಿದರೆ ಮಾತ್ರ ತಾಯಿಮರದ ನೆರಳಿನಿಂದಾಚೆ ಒಂದು ಸಸಿಯಾದೀತು. ಈ ಬೀಜಗಳನ್ನು ಡಬ್ಬಿಯಲ್ಲಿ ತುಂಬಿ ಮುಂದಿನ ತಲೆಮಾರಿಗೆ ಇಡುವಂತಿಲ್ಲ. ಇವುಗಳಿಗೆ ಕಣಜವೆಂದರೆ ನಿಂತಿರುವ ತಾಯಿಮರವೊಂದೇ.

"ಹಾಗಾದರೆ ನಿಮಗೆ ಬೀಜ ಎಲ್ಲಿಂದ?" ಎಂದು ಕೇಳಿದೆವು.

"ಮೀಸಲು ಕಾಡಿನಿಂದ, ಹಳೆಯ ತೋಟಗಳಿಂದ. ಮತ್ತೆ, ದೇವರಕಾಡುಗಳ ಅಂಚಿನಿಂದ," ಎಂದರು ಅಧ್ಯಾಪಕರು.

ಹಳೆಯ ತೋಟಗಳ ವಿಷಯವನ್ನು ಸ್ವಲ್ಪ ಹೇಳಬೇಕು. ಕಾಫಿಗೆ ನೆರಳು ಬೇಕಾದ್ದರಿಂದ ಹಿಂದಿನವರು ಕಾಡಿನ ಮರಗಳಲ್ಲಿ ಕೆಲವನ್ನು ಉಳಿಸಿಯೇ ತೋಟ ಮಾಡಿದರು. ಈಗ ಎಲ್ಲಿ ನೋಡಿದರೂ ಬೂದುಬಣ್ಣದ ಎಲೆಯ, ಕಂಬದಂತೆ ನೆಟ್ಟಗೆ ಬೆಳೆಯುವ ಸಿಲ್ವರ್ ಓಕ್ ಮರಗಳು. ಆಸ್ಟ್ರೇಲಿಯದಿಂದ ಬಂದ ಈ ಮರವು ಬೇಗನೆ ಬೆಳೆಯುತ್ತದೆ, ಮೆಣಸಿನ ಬಳ್ಳಿಯನ್ನು ಹಬ್ಬಿಸಲು ಅನುಕೂಲ, ಬೀಜವು ಕಾಗದದ ಚೂರಿನಂತೆ ಹಗುರ. ಇವೆಲ್ಲಕ್ಕಿಂತ ದೊಡ್ಡ ಕಾರಣವು ಕಾನೂನಿನಲ್ಲಿದೆ. ಕೊಡಗಿನ ಭೂಮಿಗಳಲ್ಲಿ ಮರದ ಬೆಲೆಯನ್ನು ಹಿಂದೆಯೇ ಸರಕಾರಕ್ಕೆ ಕಟ್ಟಿ ಬಿಡಿಸಿಕೊಂಡವು ಕೆಲವು. ಹಾಗೆ ಬಿಡಿಸಿಕೊಳ್ಳದವು ಕೆಲವು. ಇವನ್ನು ಇಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಎಂದೇ ಕರೆಯುತ್ತಾರೆ. ಎರಡನೆಯ ಬಗೆಯ ಭೂಮಿಯಲ್ಲಿ ತಾನಾಗಿ ಬೆಳೆದ ಬೀಟೆ ಹೊನ್ನೆಗಳ ಬೆಲೆಗೆ ತೋಟದವನು ಒಡೆಯನಲ್ಲ. ಸಿಲ್ವರ್ ಓಕನ್ನಾದರೆ ತಾನೇ ನೆಟ್ಟು ತಾನೇ ಕಡಿದು ಮಾರಬಹುದು. ಮಗಳ ಮದುವೆಗೆ ಆಗದ ಬೀಟೆಯ ಸಸಿಯನ್ನು ಅವನು ಏಕೆ ಸಾಕಿಯಾನು? ಮರವನ್ನು ಕಾಪಾಡಲೆಂದು ಮಾಡಿದ ನಿಯಮವೇ ಮರದ ಮೇಲಿನ ಪ್ರೀತಿಯನ್ನು ಕಡಮೆ ಮಾಡಿದ ವಿಪರೀತವನ್ನು ನಾವು ಇಲ್ಲಿ ಕಂಡೆವು. ಹೀಗೆ ತೋಟಗಳಲ್ಲಿ ತಾಯಿಮರಗಳು ಕಡಮೆಯಾಗುತ್ತ ಬಂದಂತೆ ದೇವರಕಾಡುಗಳ ಮೇಲಿನ ಭಾರವು ಹೆಚ್ಚುತ್ತದೆ.

ಇನ್ನು ಕೆಲಸದ ಪ್ರಶ್ನೆ. ಹುಡುಗಿಯ ತಂದೆಗೆ ಬೇಕಾದದ್ದು ಇದೇ. ಜರ್ಮನಿಯ ಸಸ್ಯಶಾಸ್ತ್ರಜ್ಞ ಬ್ರಾಂಡಿಸ್ ಎಂಬುವರು ೧೮೬೪ರಲ್ಲಿ ಹಿಂದೂದೇಶದ ಅರಣ್ಯಗಳಿಗೆ ಮೊದಲನೆಯ ಇನ್‌ಸ್ಪೆಕ್ಟರ್ ಜನರಲ್ ಆದರು. ೧೮೭೮ರಲ್ಲಿ ಡೆಹರಾಡೂನಿನಲ್ಲಿ ಅರಣ್ಯಶಾಲೆಯು ನಡೆಯತೊಡಗಿತು. ಆ ಕಾಲದಲ್ಲಿ ಇಲಾಖೆಗೆ ಮೊದಲು ಆರಿಸಿಕೊಂಡು ಆಮೇಲೆ ವಿದ್ಯೆ ಕಲಿಸುತ್ತಿದ್ದರು. ಈಗ ಮೊದಲು ವಿದ್ಯೆ, ಆಮೇಲೆ ಇಲಾಖೆಯ ಬಾಗಿಲಿನಲ್ಲಿ ಕಾಯುವಿಕೆ. ಕರ್ನಾಟಕದಲ್ಲಿ ವಲಯ ಅರಣ್ಯಾಧಿಕಾರಿಗಳ ನೇರ ನೇಮಕದಲ್ಲಿ ಅರಣ್ಯಶಾಸ್ತ್ರದ ಪದವೀಧರರಿಗೆ ಮೀಸಲಾದ ಭಾಗವು ನಿಯಮಗಳ ಬದಲಾವಣೆಯಲ್ಲಿ ಏರಿಳಿಯುತ್ತ ಬಂದಿದೆ. ಅದನ್ನು ಕಡಮೆ ಮಾಡಬಾರದೆಂದು ಸಿರ್ಸಿಯ ಮತ್ತು ಪೊನ್ನಂಪೇಟೆಯ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಧರಣಿ ಕುಳಿತದ್ದೂ ಉಂಟು. ವೈದ್ಯನ ಸ್ಥಾನಕ್ಕೆ ವೈದ್ಯಶಾಸ್ತ್ರವನ್ನು ಓದಿದವನನ್ನೇ ಹುಡುಕುವ ನಾವು ಕಾಡಿಗೆ ಯಾರಾದರೂ ಆದೀತೆಂದು ತಿಳಿಯುವುದು ಹೇಗೆಂದು ಅವರು ಕೇಳುತ್ತಾರೆ. ಈ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಇಲ್ಲಿಂದ ಹೊರಟವರಲ್ಲಿ ಇಲಾಖೆಯನ್ನು ಸೇರಿದವರುಂಟು, ಸಂಶೋಧನೆಗೆ ಹೋದವರುಂಟು, ಬ್ಯಾಂಕಿಗೆ ಸೇರಿದವರೂ ಉಂಟು.

ಆದುದರಿಂದ ಸ್ನೇಹಿತರ ಮನೆಯವರಿಗೆ ನಾವು ಬರೆದ ಕಾಗದದಲ್ಲಿ ಎರಡು ಪಕ್ಷವನ್ನೂ ಮುಚ್ಚುಮರೆಯಿಲ್ಲದೆ ಇಟ್ಟೆವು. ಸರಕಾರಿ ಉದ್ಯೋಗವು ಕೈಯಲ್ಲಿಟ್ಟ ಲಡ್ಡುಗೆಯಲ್ಲ. ಹುಡುಗಿಯು ಸುರಕ್ಷಿತಳಾಗಿರುವಳು, ಕಾಲಿಗೆ ಜಿಗಣೆ ಹತ್ತುವುದು ನಿಶ್ಚಯ. ೨೦೧೮ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಬೆಟ್ಟಗಳು ಜರಿದು ಮನೆಗಳು ಕೊಚ್ಚಿಹೋದುವು. ಮರುವರ್ಷ ತೋರದಲ್ಲಿ, ೨೦೨೦ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ, ಅದೇ ದುರ್ಗತಿಯಾಯಿತು. ಕಾವೇರಿಯ ನೀರನ್ನು ಕುಡಿಯುವ ನಾವು ಆ ಬೆಟ್ಟಗಳ ಮಣ್ಣನ್ನೂ ಬೇರನ್ನೂ ಬಲ್ಲವರು ಬೇಡವೆನ್ನಲಾಗದು. ಮಗುವಿಗೆ ಇಷ್ಟವಿದ್ದರೆ ಕಳುಹಿಸಿರಿ; ಕಳುಹಿಸಿದ ಮೇಲೆ ನಾಲ್ಕು ವರ್ಷ ಕೆಲಸದ ಮಾತೆತ್ತಿ ಅವಳನ್ನು ಹಿಂಸಿಸಬೇಡಿರಿ ಎಂದು ಬರೆದೆವು. ಅಜ್ಜಿಯವರು, "ಉಣ್ಣೆಯ ಸ್ವೆಟರು ಎಷ್ಟು ಬೇಕೆಂದು ಮೇಷ್ಟ್ರು ಬರೆದೇ ಇಲ್ಲ," ಎಂದರಂತೆ. ಅದನ್ನು ಸಮ್ಮತಿಯೆಂದೇ ತಿಳಿದಿದ್ದೇವೆ.

ಮರುದಿನ ಬೆಳಿಗ್ಗೆ, ಎಂ.ಎಸ್ಸಿ.ಗಾಗಿ ದೇವರಕಾಡನ್ನು ಅಳೆಯುತ್ತಿದ್ದ ಕೊಪ್ಪಳದ ಹುಡುಗಿಯೂ ಅವಳ ಸಹಪಾಠಿಗಳಿಬ್ಬರೂ ನಮ್ಮನ್ನು ಒಂದು ಊರಿಗೆ ಕರೆದುಕೊಂಡು ಹೋದರು. ಕೊಡಗಿನಲ್ಲಿ ಇಂಥ ಕಾಡುಗಳು ೧,೨೧೪ ಎಂದು ಲೆಕ್ಕವಿದೆ. ೪,೧೦೨ ಚದರ ಕಿಲೋಮೀಟರಿನ ಜಿಲ್ಲೆಗೆ ಇದು ಅಸಾಧಾರಣವಾದ ಸಂಖ್ಯೆ. ಅಯ್ಯಪ್ಪ, ಭಗವತಿ, ಮಹಾದೇವ, ಭದ್ರಕಾಳಿ ಮುಂತಾದ ದೇವರುಗಳ ಹೆಸರಿನಲ್ಲಿ ಊರವರು ಇವನ್ನು ಬಿಟ್ಟಿದ್ದಾರೆ. ಬೇಟೆಯ ದೇವರಾದ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಕಾಡುಗಳೂ ಇವೆ. ಆದರೆ ಸಂಖ್ಯೆಯನ್ನು ಕಂಡು ಹಿಗ್ಗಬಾರದು. ೧೯೦೫ರಲ್ಲಿ ೬,೦೦೦ ಹೆಕ್ಟೇರಿಗೂ ಮೇಲ್ಪಟ್ಟಿದ್ದ ದೇವರಕಾಡಿನ ವಿಸ್ತಾರವು ೧೯೮೫ರ ಹೊತ್ತಿಗೆ ಸುಮಾರು ೨,೫೦೦ಕ್ಕೆ ಇಳಿಯಿತು. ಸರಾಸರಿ ಹಿಡಿದರೆ ದೇವರೊಬ್ಬನಿಗೆ ಐದು ಎಕರೆ. ಕಂದಾಯ ಇಲಾಖೆಗೂ ಅರಣ್ಯ ಇಲಾಖೆಗೂ ನಡುವೆ ಇವು ಕೈಬದಲಾಗುತ್ತಿದ್ದ ಕಾಲದಲ್ಲಿ ಅಂಚುಗಳು ತೋಟವಾದುವು, ಮನೆಗಳಾದುವು.

ಕಾಡಿನ ಬಾಯಲ್ಲಿ ದೇವತಕ್ಕರು ನಮಗಾಗಿ ಕಾದಿದ್ದರು. ಎಂಬತ್ತರ ಸಮೀಪದವರು; ಬೆನ್ನು ಬಾಗಿಲ್ಲ. ಎಲ್ಲರೂ ಪಾದರಕ್ಷೆಗಳನ್ನು ಕಳಚಿ ಒಳಗೆ ಹೋದೆವು. ಕೆಲವು ದೇವರಕಾಡುಗಳಲ್ಲಿ ಹೆಂಗಸರು ಕಾಲಿಡುವ ಪದ್ಧತಿಯಿಲ್ಲ. ಅಲ್ಲಿ ಸಹಪಾಠಿ ಹುಡುಗರೇ ಅಳೆದು ತಂದು ಕೊಟ್ಟರೆಂದೂ, ಇಲ್ಲಿ ಅಡ್ಡಿಯಿಲ್ಲವೆಂದೂ ಹುಡುಗಿಯು ಹೇಳಿದಳು. ಒಳಗೆ ಹೊರಗಿನ ಬಿಸಿಲು ಇರಲಿಲ್ಲ. ಗರ್ಭಗುಡಿಯಿಲ್ಲ, ಗೋಪುರವಿಲ್ಲ, ಕಲ್ಲುಕಟ್ಟೆಯ ಮೇಲೆ ಒಂದು ಕಲ್ಲು, ಅದರ ಹಿಂದೆ ಮೂವರು ಕೈಸೇರಿಸಿದರೂ ಅಪ್ಪಲಾಗದ ಒಂದು ಧೂಪದ ಮರ. ಹುಡುಗಿಯು ಕೈಮುಗಿದು, ಆಮೇಲೆ ಚೀಲದಿಂದ ಟೇಪನ್ನು ತೆಗೆದು ನೆಲದಿಂದ ೧.೩೭ ಮೀಟರಿನ ಎತ್ತರದಲ್ಲಿ ಮರವನ್ನು ಸುತ್ತಿದಳು. ಅದನ್ನು ಎದೆಯೆತ್ತರದ ಸುತ್ತಳತೆಯೆನ್ನುತ್ತಾರೆ. ಆಮೇಲೆ ಹಗ್ಗದಿಂದ ನೆಲದ ಮೇಲೆ ಚೌಕ ಹಾಕಿ, ಮಂಡಿಯೂರಿ ಕುಳಿತು ಸಸಿಗಳನ್ನೆಣಿಸತೊಡಗಿದಳು.

"ದೊಡ್ಡ ಮರವನ್ನು ಅಳೆದರೆ ಕಾಡಿನ ವಯಸ್ಸು ತಿಳಿಯುತ್ತದೆ, ಸರ್. ಸಸಿಯನ್ನೆಣಿಸಿದರೆ ಆಯುಸ್ಸು ತಿಳಿಯುತ್ತದೆ," ಎಂದಳು.

ಆ ಚೌಕದಲ್ಲಿ ಕಂಡ ಸಂಗತಿಯು ನಮ್ಮನ್ನು ಬೆರಗುಗೊಳಿಸಿತು. ನೆಲವೆಲ್ಲ ಹಸುರಾಗಿದ್ದಿತು, ಧೂಪದ ಸಸಿಗಳು ಮಾತ್ರ ಎರಡೇ. ಮಿಕ್ಕ ಹಸುರಿನ ಬಹುಭಾಗ ಕಾಫಿ! ಸುತ್ತಲಿನ ತೋಟಗಳ ಹಣ್ಣನ್ನು ತಿಂದ ಪುನುಗುಬೆಕ್ಕುಗಳು ರಾತ್ರಿ ಕಾಡಿಗೆ ಬಂದು ಬೀಜವನ್ನು ಬಿಡುತ್ತವೆ. ರೊಬಸ್ಟ ಕಾಫಿಗೆ ನೆರಳು ಹಿತ. ಹುಟ್ಟಿ ಒತ್ತಾಗಿ ಬೆಳೆದು ಕಾಡಿನ ಸಸಿಗಳಿಗೆ ಎಡೆಗೊಡದೆ ಮಾಡುತ್ತದೆ. ಕೊಡಲಿಯಿಲ್ಲದೆ, ಒತ್ತುವರಿಯಿಲ್ಲದೆ, ಬೇಲಿಯೊಳಗೇ ಕಾಡು ತೋಟವಾಗುತ್ತಿದೆ.

"ಇವನ್ನು ಕಿತ್ತರೆ ಆಗದೆ?" ಎಂದು ಕೇಳಿದೆವು.

"ಕೀಳಬೇಕೆಂದೇ ನಾನು ಬರೆಯುವುದು. ಆದರೆ ಅಜ್ಜನನ್ನು ಕೇಳಿ," ಎಂದು ಹುಡುಗಿಯು ತಕ್ಕರ ಕಡೆ ನೋಡಿದಳು.

ತಕ್ಕರು ತಲೆಯಾಡಿಸಿದರು. "ಮೇಷ್ಟ್ರೇ, ದೇವರಕಾಡಿನಿಂದ ಒಂದು ಒಣಕಡ್ಡಿಯನ್ನೂ ತೆಗೆಯಬಾರದೆಂದು ನಮ್ಮ ಹಿರಿಯರು ಹೇಳಿದ್ದು. ಆ ಮಾತಿನಿಂದಲೇ ಈ ಮರ ನಿಂತಿರುವುದು. ಇವತ್ತು ಕಾಫಿಗಿಡ ಕೀಳಬಹುದೆಂದು ನಾನು ಬಾಯಿಬಿಟ್ಟರೆ ನಾಳೆ ಇನ್ನೊಬ್ಬ ಇನ್ನೊಂದನ್ನು ಕೀಳುತ್ತಾನೆ. ಮಗು ಹೇಳುವುದೂ ಸುಳ್ಳಲ್ಲ. ನಾನು ಹುಡುಗನಾಗಿದ್ದಾಗ ಇಲ್ಲಿ ಕಾಫಿ ಇರಲಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಪ್ರಮಾಣಗಳಲ್ಲಿ ಪ್ರತ್ಯಕ್ಷ ದೊಡ್ಡದೋ ಆಪ್ತವಾಕ್ಯ ದೊಡ್ಡದೋ ಎಂದು ತರ್ಕಶಾಸ್ತ್ರದವರು ವಾದಿಸಿದ್ದನ್ನು ನಾವು ಓದಿದ್ದೇವೆ. ಎರಡೂ ಬರಿಗಾಲಿನಲ್ಲಿ ಎದುರುಬದುರು ನಿಂತದ್ದನ್ನು ಆ ದಿನ ನೋಡಿದೆವು.

"ಹಬ್ಬದ ದಿನ ಊರೆಲ್ಲ ಸೇರುತ್ತದೆ," ಎಂದರು ತಕ್ಕರು ಕಡೆಗೆ. "ಆಗ ದೇವರನ್ನು ಕೇಳಬಹುದು. ಅಪ್ಪಣೆಯಾದರೆ ಊರವರೇ ಕೈಹಾಕುತ್ತಾರೆ. ಆದರೆ ನಾನು ಹೇಳಿದರೆ ನಂಬುವುದಿಲ್ಲ. ನಿನ್ನ ಲೆಕ್ಕವನ್ನು ನೀನೇ ಬಂದು ಓದಬೇಕು, ಮಗಳೇ."

"ಹಬ್ಬ ಯಾವಾಗ ಅಜ್ಜ?"

"ಬರುವ ಏಪ್ರಿಲಿನಲ್ಲಿ."

ಅಷ್ಟು ಹೊತ್ತಿಗೆ ಅವಳ ಓದು ಮುಗಿದು ಕೊಪ್ಪಳಕ್ಕೆ ಹೋಗಿರುವಳು. ಅದನ್ನು ಅವಳು ಹೇಳಲಿಲ್ಲ. ಪುಸ್ತಕದ ಹಿಂದಿನ ಹಾಳೆಯಲ್ಲಿ ತಕ್ಕರ ಮನೆಯ ಫೋನಿನ ಸಂಖ್ಯೆಯನ್ನು ಬರೆದುಕೊಂಡು, ಹಗ್ಗವನ್ನು ಬಿಚ್ಚಿ ಮುಂದಿನ ಚೌಕಕ್ಕೆ ಹೋದಳು.